ಕೊಂಡಿ ಕೂಡದ ಡೇರೆ

ಕಲಬುರಗಿಯಲ್ಲಿ ಹಿಮಗಾಳಿಯ ಮೂರು ತಿಂಗಳು ಗೋಡೆಗಳು ನಿಲ್ಲುವುದಿಲ್ಲ. ಎಲ್ಲರೂ ಡೇರೆಯೊಳಗೆ ಇರುತ್ತೇವೆ. ಹೊರಗೆ ದಾರಿ ಕಾಣದ್ದರಿಂದ ಓಣಿಯ ಡೇರೆಗಳನ್ನು ಕೊಂಡಿ ಹಾಕಿ ಹಗ್ಗದಿಂದ ಜೋಡಿಸುವುದು ಪದ್ಧತಿ. ಸೂಲಗಿತ್ತಿ ಹುಸೇನಬಿಯೂ ಆ ಹಗ್ಗ ಹಿಡಿದೇ ಬರಬೇಕು.

ಈ ಸಲ ನಾನು ಯಾರೂ ಹೆಸರು ಕೇಳದ ಕಂಪನಿಯ ಡೇರೆ ಆರಿಸಿದೆ. ಬಟ್ಟೆ, ಕಂಬ, ಹೊಲಿಗೆಗಳನ್ನು ಮೂರು ಸಲ ಪರೀಕ್ಷಿಸಿದ್ದೆ. ಕೊಂಡಿಯನ್ನು ನೋಡಿರಲಿಲ್ಲ. ಅದು ಓಣಿಯ ಕೊಂಡಿಗೆ ಕೂಡಲಿಲ್ಲ. ಗಂಟು ಹಾಕಿದೆ, ಮೊದಲ ದಿನವೇ ಗಾಳಿ ಹಗ್ಗವನ್ನು ಒಯ್ದಿತು.

ಇಂದು ಮಗಳು ನೀಲಾಂಬಿಕೆಗೆ ಹೆರಿಗೆ ನೋವು ಶುರುವಾಗಿದೆ.

"ಸಂಜಿ ಶಾಲಿ ಕಲಿತವ್ರು, ಭಾರೀ ಓದಿ ನೋಡಿ ಈ ಡೇರೆ ತಂದ್ರಿ," ಎಂದಳು ಹೆಂಡತಿ ಗುರುಬಾಯಿ. "ಡೇರೆ ಅಲುಗಾಡವಲ್ದು, ಖರೆ. ಹುಸೇನಬಿ ಹ್ಯಾಂಗ ಬರ್ತಾಳ?"

"ಹತ್ತ ಹೆಜ್ಜಿ ಐತಿ. ನಾ ಕರ್ಕೊಂಡ್ ಬರ್ತೀನಿ."

"ಹೋದ ವರ್ಷ ನಾಲ್ಕ ಹೆಜ್ಜಿಗೆ ದಾರಿ ತಪ್ಪಿದವ್ರು ಬ್ಯಾಸಗಿಯಾಗ ಸಿಕ್ಕರು."

ನೀಲಾಂಬಿಕೆ ಚೀರಿದಳು. ಡೇರೆಯನ್ನು ಒಳಗಿನಿಂದ ಬಿಗಿದ ನಾಲ್ಕು ಹಗ್ಗಗಳಲ್ಲಿ ಒಂದನ್ನು ಬಿಚ್ಚಿದೆ. ಮೂರರ ಮೇಲೆ ಅದು ನಿಲ್ಲುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಒಂದು ತುದಿಯನ್ನು ನನ್ನ ಸೊಂಟಕ್ಕೆ ಸುತ್ತಿ, ಇನ್ನೊಂದನ್ನು ಕಂಬಕ್ಕೆ ಕಟ್ಟಹೋದೆ.

"ಕಂಬಕ್ಕ ಬ್ಯಾಡ್ರಿ," ಎಂದಳು ಗುರುಬಾಯಿ, ಮಗಳ ಕೈ ಬಿಡದೆ. "ನೀವು ಬಿದ್ರ ಅದಕ್ಕೇನ್ ತಿಳೀತೈತಿ? ನನ್ನ ನಡಕ್ಕ ಕಟ್ರಿ."