ಗಟ್ಟಿ ಹಿಮ

ಯುಗಾದಿ ಕಳೆದು ಹತ್ತು ದಿನವಾಗಿದ್ದರೂ ಹಿಮಾಲಯಕ್ಕೆ ಅದು ಗೊತ್ತಿದ್ದಂತಿರಲಿಲ್ಲ. ಮೂರು ದಿನದಿಂದ ಒಂದೇ ಸಮ ಹಿಮ ಸುರಿದು, ಧಾರವಾಡದ ಚಾರಣ ಬಳಗ ಡೇರೆಯಲ್ಲೇ ಕುಳಿತಿತ್ತು. ಮುಂದಿನ ಇಳಿಜಾರು ದಾಟುವುದು ಬೇಡ, ಹಿಮ ಕುಸಿಯುತ್ತದೆ ಎಂದ ಅಲ್ಲಿನ ಮಾರ್ಗದರ್ಶಿ ನೋರ್ಬು.

ಬಳಗದ ನಾಯಕ ಕಲ್ಮಠರಿಗೆ ನಗು ಬಂತು. ನೋರ್ಬುವಿನ ಬಳಿ ಇದ್ದದ್ದು ನಲವತ್ತು ವರ್ಷದ ಅನುಭವ ಮಾತ್ರ. ಕಲ್ಮಠರ ಬಳಿ ಎರಡು ದಿನದ ತರಬೇತಿಯ ಪ್ರಮಾಣಪತ್ರವಿತ್ತು.

"ಹಿಮ ಅಂದ್ರ ಚಿರೋಟಿ ಇದ್ದಂಗ, ಪದರ ಪದರ. ನಡುವಿನ ಪದರ ಸಡಿಲಿದ್ರ ಮ್ಯಾಲಿನದು ಜಾರತೈತಿ. ಬಾಯಿಮಾತು ಯಾಕ, ಪರೀಕ್ಷಾ ಮಾಡೂಣು," ಎಂದವರೇ ಅಡುಗೆ ಡೇರೆಯ ಹಿಂದೆ, ಗಾಳಿ ತಾಕದ ಜಾಗ ನೋಡಿ ಗುಂಡಿ ತೋಡಿಸಿದರು. ಗುಂಡಿಯ ಗೋಡೆಯಲ್ಲಿ ಹಿಮದ ಕಂಬವೊಂದನ್ನು ಕೊರೆಯುವಷ್ಟರಲ್ಲಿ ಇಬ್ಬರ ರಟ್ಟೆ ಬಿದ್ದುಹೋಯಿತು.

"ಇದರ ತಲಿ ಮ್ಯಾಲೆ ಸಲಿಕಿಲೆ ಮೂವತ್ತು ಏಟು. ಕುಸೀತಂದ್ರ ನೋರ್ಬು ಗೆದ್ದ. ನಿಂತಿತಂದ್ರ ಹೊಂಟೇ ಬಿಡೂದು."

ಎಲ್ಲರೂ ಕೂಗಿ ಎಣಿಸಿದರು. ಮೂವತ್ತಲ್ಲ, ಐವತ್ತು ಏಟಿಗೂ ಕಂಬ ಬಿರುಕು ಬಿಡಲಿಲ್ಲ. ಸಲಿಕೆಯ ಹಿಡಿಯೇ ಸಡಿಲವಾಯಿತು. ನೋರ್ಬು ತಲೆ ಕೆರೆದುಕೊಂಡ. ಇಂಥ ಹಿಮವನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ನೋಡಿದ್ಯೇನಪಾ? ಇದಕ್ಕ ವಿಜ್ಞಾನ ಅಂತಾರ!"

ಚಪ್ಪಾಳೆ ಬಿತ್ತು. ಒಂಬತ್ತು ಜನರ ಬೆನ್ನಿಗೆ ಚೀಲಗಳೇರಿದವು. ಇನ್ನೇನು ಹೊರಡಬೇಕು, ಅಷ್ಟರಲ್ಲಿ ಅಡುಗೆಯ ಕೊಟ್ರಬಸಪ್ಪ ಹಬೆಯಾಡುವ ಅನ್ನದ ಪಾತ್ರೆ ಹಿಡಿದು ಬಂದ.

"ಸರ, ಸ್ವಲ್ಪ ಸರೀರಿ. ಮೂರು ದಿನದಿಂದ ನಾ ಗಂಜಿ ಬಸಿಯೂದು ಇಲ್ಲೇ ರೀ."