ಕೈ ಮುಗಿದ ಹುಳ

ದ್ರಾಕ್ಷಿ ಪೆಟ್ಟಿಗೆ ಬಿಚ್ಚಿದಾಗ ಹಳೇ ಪೇಪರಿನ ಆ ಹುಳಿಸಿಹಿ ವಾಸನೆ ಬಂದರೆ ಸಾಕು, ಈಗಲೂ ಒಬ್ಬಳೇ ನಗುತ್ತೇನೆ.

ಅವತ್ತು ಮಧ್ಯಾಹ್ನ ಮಾಲಗಾಂವದ ನಮ್ಮ ತೋಟದಲ್ಲಿ ದ್ರಾಕ್ಷಿ ಕೊಯ್ಲು ನಡೆದಿತ್ತು. ಸೊಸೈಟಿಯ ಲಾರಿ ಬಂದು ನಿಂತು ಹಾರ್ನ್ ಹೊಡೆಯುತ್ತಿತ್ತು. ಕಾಕಾ ಕತ್ತರಿ ಹಿಡಿದು ಕೊನೆಯ ಬಳ್ಳಿಗೆ ಕೈ ಹಾಕಿದ್ದೇ ತಡ, ಅಪ್ಪನ ತಾಯಿ, ನಮ್ಮ ಆಯಿ, ಕೂಗಿದಳು: "ಏ, ಕೈ ಹಚ್ಚಬ್ಯಾಡ! ಜಪಾ ಮಾಡಾಕತ್ತೈತಿ."

ಗೊಂಚಲಿನ ಮೇಲೆ ಎಲೆಯಷ್ಟೇ ಹಸಿರಾದ ಉದ್ದನೆಯ ಹುಳವೊಂದು ಮುಂಗಾಲು ಜೋಡಿಸಿ ಕೂತಿತ್ತು. ನನ್ನ ಮರಾಠಿ ಸಾಲೆಯ ಪುಸ್ತಕದಲ್ಲಿ ಅದರ ಹೆಸರು ಪ್ರಾರ್ಥನಾ ಕೀಟಕ. ನಾನು ಬಗ್ಗಿದರೆ, ಮನುಷ್ಯರ ಹಾಗೆ ಕತ್ತು ತಿರುಗಿಸಿ ನನ್ನನ್ನೇ ನೋಡಿತು.

"ಮುನಿ ಮಹಾರಾಜ್ರಂಗ ಐತಿ. ಇರುವಿಗೂ ನೋವು ಮಾಡೂದಿಲ್ಲ" ಎಂದು ಆಯಿ, ನಮ್ಮ ಜೈನ ಮುನಿಗಳಿಗೆ ಮುಗಿಯುವ ಹಾಗೆ, ತಾನೂ ಕೈ ಮುಗಿದಳು.

ಅಷ್ಟರಲ್ಲಿ ನೊಣವೊಂದು ಬಂದು ಗೊಂಚಲಿನ ಮೇಲೆ ಕೂತಿತು. ಮುಗಿದ ಕೈ ಚಟ್ಟನೆ ಚಾಚಿತು. ಅದರ ಮುಳ್ಳುಗಳ ನಡುವೆ ನೊಣ ಸಿಕ್ಕಿಬಿತ್ತು. ಹುಳ ನಿಧಾನಕ್ಕೆ ಮೆಲ್ಲತೊಡಗಿತು.

ಕಾಕಾ ಹೊಟ್ಟೆ ಹಿಡಿದು ನಕ್ಕ. "ಅವ್ವಾ, ನಿನ್ನ ಮಹಾರಾಜ್ರ ಆಹಾರ ಆತ ನೋಡ!"

ಉಳ್ಳಾಗಡ್ಡಿಯನ್ನೂ ಮುಟ್ಟದ ಆಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸೆರಗು ಸರಿದಾಗ ನೋಡಿದರೆ ನಗುತ್ತಿದ್ದಳು. "ಆತಪ್ಪಾ. ಆದ್ರ ಅದು ಕೈ ಮುಗದ ಉಣ್ಣತೈತಿ. ನೀ ಯಾವತ್ತರ ಮುಗದೀಯೇನ?"

ಆ ಗೊಂಚಲನ್ನು ಬಳ್ಳಿಯಲ್ಲೇ ಬಿಟ್ಟು ಲಾರಿ ಹೋಯಿತು. ಹೊತ್ತು ಮುಳುಗುವ ಮೊದಲು ಊಟಕ್ಕೆ ಕೂತಾಗ, ತಾಟಿನ ಮುಂದೆ ಎಲ್ಲರಿಗಿಂತ ಮೊದಲು ಕೈ ಮುಗಿದವನು ಕಾಕಾ. ರೊಟ್ಟಿ ಬಡಿಸುತ್ತಿದ್ದ ಆಯಿ ಮೈ ಅಲುಗಿಸದೆ ಬರೀ ಕತ್ತು ತಿರುಗಿಸಿ ನನ್ನನ್ನು ನೋಡಿದಳು, ಥೇಟ್ ಆ ಹುಳದ ಹಾಗೆ.