ಅವಳ ಥರ

ಅಣ್ಣ ತಂಗಿಯ ಶಾಲೆಯ ಚೀಲವನ್ನು ನೆಲಕ್ಕೆ ಸುರಿದ. ಊಟದ ಡಬ್ಬಿ ಬೆಳಿಗ್ಗೆ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು. ಈ ವಾರದಲ್ಲಿ ಇದು ನಾಲ್ಕನೆಯ ಸಲ.

ಹದಿನೈದು ತುಂಬಿದ ಹುಡುಗಿ, ಮೂವತ್ತನಾಲ್ಕು ಕಿಲೋ. ಇನ್ನೂ ಇಳಿದರೆ ಗುಂಡಿಗೆ ತಡೆಯುವುದಿಲ್ಲ ಎಂದು ಡಾಕ್ಟರಮ್ಮ ಮೊನ್ನೆಯೇ ಹೇಳಿದ್ದರು. ಯಾರನ್ನು ನೋಡಿ ಹೀಗೆ ಉಪವಾಸ ಬಿದ್ದಿದ್ದಾಳೆ, ಅದನ್ನು ಮೊದಲು ಪತ್ತೆಮಾಡಿ ಅಂದಿದ್ದರು. ಹುಟ್ಟುಹಬ್ಬ ಆದಾಗಿನಿಂದ ಹೀಗೇ ಎಂದು ಅಮ್ಮ ಕಣ್ಣೊರೆಸಿಕೊಂಡಿದ್ದಳು.

ತಂಗಿಯನ್ನು ಕೇಳಿದರೆ ಒಂದೇ ಮಾತು. "ಅವಳ ಥರ ಆಗಬೇಕು. ಅಷ್ಟೇ."

ಆ 'ಅವಳು' ಕೈಗೆ ಸಿಕ್ಕಿದ್ದರೆ ಅಣ್ಣ ಅವಳನ್ನು ಹುಟ್ಟೇ ಇಲ್ಲ ಅನ್ನಿಸಿಬಿಡುತ್ತಿದ್ದ. ಒಂಬತ್ತನೇ ತರಗತಿಗೇ ಶಾಲೆಗೆ ಶರಣು ಹೊಡೆದು ಫೋಟೊ ಸ್ಟುಡಿಯೋ ಸೇರಿದವನು. ದಿನಕ್ಕೆ ನಲವತ್ತು ಮುಖ ತಿದ್ದುತ್ತಾನೆ. ಮೊಡವೆ ಒರೆಸು, ಕೆನ್ನೆ ತಗ್ಗಿಸು, ತೋಳು ಸಣ್ಣ ಮಾಡು. ಗಿರಾಕಿ ಬಾಯಿಬಿಟ್ಟು ಕೇಳಬೇಕಿಲ್ಲ, ಕೈ ತಾನಾಗಿ ಓಡುತ್ತದೆ. ಸ್ಟುಡಿಯೋದ ಸಾಹುಕಾರ ಅವನನ್ನು ಕರೆಯುವುದೇ 'ಕೊಬ್ಬಿನ ಡಾಕ್ಟರು' ಎಂದು. ಕಾಗದದ ಸುಂದರಿಯರ ಬಣ್ಣ ಅವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?

ತಂಗಿಯ ಫೋನ್ ಕಿತ್ತುಕೊಂಡು ನಟಿಯರ ಚಿತ್ರಗಳನ್ನೆಲ್ಲ ಅಳಿಸಿದ. ಗೆಳತಿಯರ ಮನೆಬಾಗಿಲಿಗೆ ಹೋಗಿ ಜಗಳ ತೆಗೆದ. ತೂಕ ಮತ್ತೆ ಅರ್ಧ ಕಿಲೋ ಇಳಿಯಿತು. ಅಮ್ಮ ತಟ್ಟೆ ಹಿಡಿದು ಕೂತವಳು ಕೂತೇ ಇದ್ದಳು, ಊಟ ಆರಿತು.

"ಎಲ್ಲಾ ಸುಳ್ಳು ಕಣೇ," ಅಂದ ಅಣ್ಣ. "ದಿನಾ ಅದನ್ನೇ ಮಾಡಿ ಹೊಟ್ಟೆ ಹೊರೀತೀನಿ, ನಂಗೊತ್ತಿಲ್ವಾ?"

"ಅವಳು ಸುಳ್ಳಲ್ಲ ಅಣ್ಣ," ಅಂದಳು ತಂಗಿ ಮೆಲ್ಲಗೆ. "ನಿಂಗೂ ಅವಳೇ ಇಷ್ಟ."

ಮರುದಿನ ಅವಳು ಬಚ್ಚಲಲ್ಲಿ ಕುಸಿದಳು. ಆಸ್ಪತ್ರೆಯಲ್ಲಿ ಮೂಗಿಗೆ ನಳಿಕೆ ಇಳಿಸಿದರು. ಈಗಲೇ ಏನೂ ಹೇಳಲಾಗದು ಅಂದರು.

ಬಟ್ಟೆ ಒಯ್ಯಲು ಮನೆಗೆ ಓಡಿಬಂದ ಅಣ್ಣ ಅವಳ ಕಪಾಟು ತೆರೆದ. ಮಡಿಸಿದ ಬಟ್ಟೆಗಳ ಅಡಿಯಲ್ಲಿ ಅಳತೆಯ ಟೇಪು ಸುತ್ತಿದ ಒಂದು ಫೋಟೊ ಇತ್ತು. ಮುಟ್ಟಿ ಮುಟ್ಟಿ ಅದರ ಅಂಚು ಸವೆದಿತ್ತು. ಸಿಕ್ಕಿಬಿದ್ದೆಯಲ್ಲೇ ಎಂದು ಹಲ್ಲು ಕಡಿಯುತ್ತ ಟೇಪು ಬಿಚ್ಚಿ, ಹರಿದುಹಾಕಲು ಎರಡೂ ಕೈಯಲ್ಲಿ ಹಿಡಿದ.

ಅದರಲ್ಲಿ ನಗುತ್ತಿದ್ದವಳು ತಂಗಿಯೇ: ಹುಟ್ಟುಹಬ್ಬಕ್ಕೆಂದು ಅವನೇ ತೆಗೆದು, ಕೈ ರೂಢಿಗೆ ಕೆನ್ನೆ ತಗ್ಗಿಸಿ, ತೋಳು ಸಣ್ಣ ಮಾಡಿ, ಪ್ರೀತಿಯಿಂದ ಕೊಟ್ಟಿದ್ದ ಫೋಟೊ.